ನೀರು ಬಂದಾವು

ಅಂಗಿಯ ಜೇಬಿಗೆ ಕರಿ ಬಿಲ್ಲೆ, ಅದರ ಮೇಲೆ ‘ಎಲ್ಡರ್’.
ಹಾಗಂದರೆ ಹಿರಿಯ ಎಂದು ನಾನೇ ಬಾಯಿಬಿಟ್ಟು ಕೆಟ್ಟೆ.
ಕೆಳಮನೆಯ ನೀಲವ್ವ ನಕ್ಕ ನಗುವಿಗೆ
ಎಲೆಯಡಿಕೆಯ ಕೆಂಪು ಅಂಗಳದ ತನಕ ಹಾರಿತು:
“ಇನ್ನೂ ಮೀಸಿ ಮೂಡಿಲ್ಲ, ಹಿರ್ಯಾ ಅಂತ ಹಿರ್ಯಾ!”
ಅಂದಿನಿಂದ ಕೇಶ್ವಾಪುರದ ಈ ಓಣಿಗೆ
ಹತ್ತೊಂಬತ್ತು ತುಂಬಿದ ನಾನು ಹಿರ್ಯಾ,
ರಾಜಮಂಡ್ರಿಯ ನನ್ನ ಜೊತೆಗಾರ
ಎಲ್ಡರ್ ಗುಮ್ಮಡಿ, ಬರೀ ಗುಮ್ಮ.
ಉಣ್ಣದೆ ಹಟ ಹಿಡಿದ ಕೂಸುಗಳಿಗೆ
ಅವನನ್ನು ತೋರಿಸಿ ಉಣಿಸುತ್ತಾರೆ.

ನಾವು ಬಾಗಿಲು ಬಡಿಯುವುದಿಲ್ಲ.
ಕರೆದರೆ ಹೋಗುತ್ತೇವೆ.
ಕರೆಯುವವರು ಕಡಿಮೆ, ಆದ್ದರಿಂದ ನಡೆಯುತ್ತೇವೆ.
ಹುಬ್ಬಳ್ಳಿಯ ಧೂಳಿಗೆ ಬಿಳಿ ಅಂಗಿ ಅಂದರೆ ಬಲು ಪ್ರೀತಿ.
ಚಿಗರಿ ಬಸ್ಸಿನಲ್ಲಿ ಮುದುಕನೊಬ್ಬ ಟೈ ನೋಡಿ
ಔಷಧ ಕಂಪನಿಯವರೆಂದು ತಿಳಿದು
ಮೊಣಕಾಲು ಮುಂದೆ ಚಾಚಿದ:
“ಇದಕ್ಕೊಂದು ಗುಳಿಗಿ ಕೊಡ್ರಲಾ.”
ಉಣಕಲ್ಲಿನ ತನಕ ಮೊಣಕಾಲಿನದೇ ಮಾತು.
ನಮ್ಮ ಮಾತು ಚೀಲದಲ್ಲೇ ಉಳಿಯಿತು.

ರೈಲ್ವೆ ಕ್ವಾರ್ಟರ್ಸಿನ ಸುನಂದಕುಮಾರ
ಮೂರು ಭಾನುವಾರ ಬಂದ.
ಮೊದಲ ವಾರ ಕೇಳಿದ್ದು ಸತ್ತ ಮೇಲಿನ ಮಾತು.
ಎರಡನೆಯ ವಾರ: ಇಂಟರ್‌ವ್ಯೂದಲ್ಲಿ
‘ನಿಮ್ಮ ಬಗ್ಗೆ ಹೇಳಿ’ ಅಂದರೆ ಇಂಗ್ಲಿಷಿನಲ್ಲಿ ಏನು ಹೇಳಬೇಕು?
ಮೂರನೆಯ ವಾರ ಅದನ್ನು ಬಾಯಿಪಾಠ ಒಪ್ಪಿಸಿದ.
ನಾಲ್ಕನೆಯ ವಾರ ಫೋನು ಸ್ವಿಚ್ ಆಫ್.
ಹನ್ನೆರಡು ಕುರ್ಚಿ ಹಾಕಿದ್ದೆವು, ಏಳು ತುಂಬಿದವು,
ಅದರಲ್ಲಿ ಎರಡು ನಾವೇ.
ಅವನಿಗೆ ನೌಕರಿ ಸಿಕ್ಕಿರಲಿ ಎಂದು ಪ್ರಾರ್ಥಿಸಿದೆ.
ಗುಮ್ಮಡಿಯ ಆಮೆನ್ ತುಸು ತಡವಾಗಿ ಬಂತು.

ಚಹಾ ನಮಗೆ ವರ್ಜ್ಯ.
ಈ ಊರಲ್ಲಿ ಇದನ್ನು ಹೇಳಿ ನೋಡಿ.
“ಚಾ ಬ್ಯಾಡಂದ್ರ ನಾವೂ ಬ್ಯಾಡಂದಂಗ” ಎಂದು
ಬಾಗಿಲಲ್ಲೇ ಮುಖ ತಿರುಗಿಸಿದವರಿದ್ದಾರೆ.
ಗದಗ ರಸ್ತೆಯ ಮಾಬುಸಾಬ ಮಾತ್ರ
ಹತ್ತು ದಿನ ಬೈದು, ಹನ್ನೊಂದನೆಯ ದಿನ
ಶುಂಠಿ ಜಜ್ಜಿ ಬಿಸಿನೀರಿಗೆ ಹಾಕಿ, ಲಿಂಬೆ ಹಿಂಡಿ,
ತನ್ನದೇ ಅರಿವೆಯಲ್ಲಿ ಸೋಸಿ ಕೊಟ್ಟ.
ಆ ಅರಿವೆಯಲ್ಲಿ ಬೆಳಗಿನಿಂದ ಸೋಸಿದ್ದೆಲ್ಲ ಚಹಾ.
ಲೋಟದಲ್ಲಿ ತೆಳ್ಳಗೆ ಅದರ ಬಣ್ಣ.
ಗುಮ್ಮಡಿ ನನ್ನ ನೋಡಿದ. ನಾನು ಮಾಬುಸಾಬನನ್ನು.
ಕುಡಿದೆ.
ವಾರದ ವರದಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಜಗಳ ಆದದ್ದು ಸೀದ ಪಾತ್ರೆಯ ಸಲುವಾಗಿ.
ಎರಡು ದಿನ ಮಾತು ಬಂದ್.
ಆದರೂ ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ, ನಿಯಮ.
ದುರ್ಗದಬೈಲಿನಲ್ಲಿ ಒಂದೇ ಪ್ಲೇಟು ಗಿರಮಿಟ್ಟಿಗೆ
ಇಬ್ಬರೂ ಮಾತಿಲ್ಲದೆ ಕೈ ಹಾಕಿದೆವು;
ಮೆಣಸಿನಕಾಯಿ ಅವನ ಪಾಲಿಗೆ ಬಂತು.
ಕೆಮ್ಮಿ ಕೆಮ್ಮಿ ಕಣ್ಣೀರಿಟ್ಟವನ ಬೆನ್ನು ತಟ್ಟಿದೆ.
ಅಲ್ಲಿಗೆ ಮುಗಿಯಿತು.

ಸೋಮವಾರ ಬಟ್ಟೆ ಒಗೆಯುವ ದಿನ, ಮನೆಗೆ ಫೋನ್ ಮಾಡುವ ದಿನ.
ಅಕ್ಕನ ಮಗು ಪರದೆಯ ಮೇಲೆ ನನ್ನ ನೋಡಿ ಅತ್ತಿತು.
ಅಮ್ಮ ಕೇಳಿದಳು: ಎಲ್ಲ ಚೆನ್ನಾಗಿದೆಯಾ?
ಹೂಂ ಅಂದೆ.
ಹಿಂದೆ ಬಕೆಟ್ಟಿನ ತಳ ಕಾಣುತ್ತಿತ್ತು.

ನಮ್ಮ ಬಂಗಾರಪೇಟೆಯಲ್ಲಿ ನೀರು ಬರುತ್ತದೆ.
ಇಲ್ಲಿ ನೀರು ‘ಬರತಾವು’,
ನೆಂಟರ ಹಾಗೆ, ಎಂಟು ದಿನಕ್ಕೊಮ್ಮೆ, ಹೇಳದೆ ಕೇಳದೆ.
ರಾತ್ರಿ ಎರಡಕ್ಕೆ ನೀಲವ್ವ ಮೆಟ್ಟಿಲ ಬುಡದಿಂದ ಕೂಗುತ್ತಾಳೆ:
“ಹಿರ್ಯಾರ, ಏಳ್ರೀ! ನೀರು ಬಂದಾವು!”
ಅವಳ ಹದಿನಾಲ್ಕು ಕೊಡ, ಆಮೇಲೆ ನಮ್ಮ ಮೂರು.
ಒಮ್ಮೆ ಗುಮ್ಮಡಿ ನಿದ್ದೆಗಣ್ಣಲ್ಲಿ
ಲುಂಗಿಗೆ ಬಿಲ್ಲೆ ಸಿಕ್ಕಿಸಿಕೊಂಡು ಇಳಿದಿದ್ದ.

ಗುಮ್ಮಡಿಗೆ ಮೊನ್ನೆ ವರ್ಗವಾಯಿತು.
ಮುಗಿಯದ ಆ ಪ್ಲಾಟ್‌ಫಾರ್ಮಿನಲ್ಲಿ ಕೈ ಬೀಸುತ್ತ
ಎಷ್ಟು ಹೊತ್ತು ನಡೆದರೂ ಅವನು ಕಾಣುತ್ತಲೇ ಇದ್ದ.
ಅದೇ ರೈಲಿನಿಂದ ಕೊಯಮತ್ತೂರಿನ ಹೊಸ ಹುಡುಗ ಇಳಿದ,
ಅಂಗಿ ಇನ್ನೂ ನಿಜವಾಗಿ ಬಿಳಿ.

ಇವತ್ತು ಮಂಡಿಯೂರಿದೆ. ಮಾತು ಹೊರಡಲಿಲ್ಲ.
ಸುನಂದಕುಮಾರ, ಮಾಬುಸಾಬ, ಅಕ್ಕನ ಮಗು,
ಬರೀ ಹೆಸರುಗಳು. ಹಾಗೇ ಕಣ್ಣು ಹತ್ತಿತು.

ಎರಡಕ್ಕೆ ಕೂಗು.
ಹೊಸ ಹುಡುಗ ದಡಕ್ಕನೆ ಎದ್ದು ಕೂತ.
ತನಗೆ ಬರುವ ನಾಲ್ಕು ಕನ್ನಡ ಪದಗಳಲ್ಲಿ
ಎರಡನ್ನು ಖರ್ಚು ಮಾಡಿ ಕೇಳಿದ:
“ಯಾರು ಬಂದರು?”

ನೀರು, ಅಂದೆ. ಏಳು,
ದೊಡ್ಡ ಕೊಡ ನೀನು ಹಿಡಿ.